‘ಪ್ರಾಕೃತ’: ಪದದ ಅರ್ಥ, ಬಳಕೆ ಮತ್ತು ಜೈನ ಪರಂಪರೆಯಲ್ಲಿ ಅದರ ಸ್ಥಾನ

‘ಪ್ರಾಕೃತ’ ಎಂಬುದು ಜೈನ ಮನೆಗಳಲ್ಲಿ ಆಗಾಗ ಕೇಳಿಬರುವ ಪದ. ಆಗಮಗಳು ಪ್ರಾಕೃತದಲ್ಲಿವೆ, ಪಂಚ ನಮಸ್ಕಾರ ಮಂತ್ರ ಪ್ರಾಕೃತದಲ್ಲಿದೆ ಎಂದು ಪಾಠಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಆದರೆ ಈ ಪದದ ಅರ್ಥವೇನು, ಅದು ಒಂದು ಭಾಷೆಯ ಹೆಸರೇ ಅಥವಾ ಹಲವು ಭಾಷೆಗಳ ಹೆಸರೇ, ಕನ್ನಡಕ್ಕೂ ಅದಕ್ಕೂ ಇರುವ ನಂಟು ಎಂಥದು ಎಂಬ ವಿಷಯದಲ್ಲಿ ಗೊಂದಲವೂ ಉಂಟು. ಮಂತ್ರವನ್ನು ‘ಸಂಸ್ಕೃತ ಶ್ಲೋಕ’ ಎಂದು ಕರೆಯುವವರಿದ್ದಾರೆ. ಪ್ರಾಕೃತವೆಂದರೆ ಕೆಟ್ಟುಹೋದ ಸಂಸ್ಕೃತ ಎಂದು ತಿಳಿದವರೂ ಇದ್ದಾರೆ. ಈ ಎರಡೂ ತಿಳಿವಳಿಕೆಗಳು ಸರಿಯಲ್ಲ. ಪದದ ಅರ್ಥ, ಅದರ ಬಳಕೆ ಮತ್ತು ಕನ್ನಡ ನಾಡಿನಲ್ಲಿ ಅದು ನಡೆದುಬಂದ ದಾರಿಯನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಪದದ ಅರ್ಥ

‘ಪ್ರಕೃತಿ’ ಎಂಬ ಪದದಿಂದ ‘ಪ್ರಾಕೃತ’ ಹುಟ್ಟಿದೆ. ಪ್ರಕೃತಿಗೆ ಸೇರಿದ್ದು, ಪ್ರಕೃತಿಯಿಂದ ಬಂದದ್ದು ಪ್ರಾಕೃತ. ಆದರೆ ಇಲ್ಲಿ ‘ಪ್ರಕೃತಿ’ ಎಂದರೆ ಯಾವುದು ಎಂಬ ಬಗ್ಗೆ ಹಳೆಯ ಪಂಡಿತರಲ್ಲಿಯೇ ಎರಡು ಅಭಿಪ್ರಾಯಗಳಿದ್ದವು. ಈ ಇಬ್ಬಗೆಯ ಅಭಿಪ್ರಾಯಗಳನ್ನು ಜೈನ ವಿದ್ವಾಂಸರ ಬರಹಗಳಲ್ಲಿಯೇ ಕಾಣಬಹುದು.

ಮೊದಲನೆಯದು ವೈಯಾಕರಣರ ಅಭಿಪ್ರಾಯ. 12ನೆಯ ಶತಮಾನದ ಆಚಾರ್ಯ ಹೇಮಚಂದ್ರರು ತಮ್ಮ ‘ಸಿದ್ಧಹೇಮ ಶಬ್ದಾನುಶಾಸನ’ದ ಮೊದಲ ಏಳು ಅಧ್ಯಾಯಗಳಲ್ಲಿ ಸಂಸ್ಕೃತ ವ್ಯಾಕರಣವನ್ನೂ ಎಂಟನೆಯ ಅಧ್ಯಾಯದಲ್ಲಿ ಪ್ರಾಕೃತ ವ್ಯಾಕರಣವನ್ನೂ ಹೇಳಿದ್ದಾರೆ. ಅಲ್ಲಿ ಅವರು ಪ್ರಕೃತಿ, ಎಂದರೆ ಮೂಲ, ಸಂಸ್ಕೃತವೆಂದೂ ಅದರಿಂದ ಬಂದದ್ದು ಪ್ರಾಕೃತವೆಂದೂ ವಿವರಿಸುತ್ತಾರೆ. ಸಂಸ್ಕೃತ ಬಲ್ಲ ವಿದ್ಯಾರ್ಥಿಗೆ ಪ್ರಾಕೃತ ಕಲಿಸುವಾಗ ‘ಈ ಸಂಸ್ಕೃತ ರೂಪಕ್ಕೆ ಈ ಪ್ರಾಕೃತ ರೂಪ’ ಎಂದು ಹೇಳುವುದು ಸುಲಭದ ಮಾರ್ಗ. ವ್ಯಾಕರಣದ ಪಾಠಕ್ರಮಕ್ಕೆ ಈ ವಿವರಣೆ ಒಪ್ಪುತ್ತದೆ.

ಎರಡನೆಯದು 11ನೆಯ ಶತಮಾನದ ನಮಿಸಾಧುವಿನ ಅಭಿಪ್ರಾಯ. ರುದ್ರಟನ ‘ಕಾವ್ಯಾಲಂಕಾರ’ಕ್ಕೆ ಟೀಕೆ ಬರೆದ ಈ ಜೈನ ವಿದ್ವಾಂಸನ ಪ್ರಕಾರ, ವ್ಯಾಕರಣದ ಸಂಸ್ಕಾರ ಪಡೆಯದೆ ಜನರ ಬಾಯಲ್ಲಿ ಸಹಜವಾಗಿ ಬರುವ ನುಡಿಯೇ ಪ್ರಕೃತಿ, ಅದೇ ಪ್ರಾಕೃತ. ಆತ ಕೊಡುವ ಹೋಲಿಕೆ ಮಳೆಯ ನೀರಿನದು. ಮೋಡದಿಂದ ಬೀಳುವ ನೀರಿಗೆ ಒಂದೇ ರೂಪ. ನೆಲಕ್ಕೆ ಬಿದ್ದ ಮೇಲೆ ಆಯಾ ಪ್ರದೇಶದ ಗುಣವನ್ನೂ ಸಂಸ್ಕಾರವನ್ನೂ ಪಡೆದು ಬೇರೆ ಬೇರೆಯಾಗುತ್ತದೆ. ಹಾಗೆಯೇ ಮೊದಲಿದ್ದ ಸಹಜ ನುಡಿಯೇ ಮುಂದೆ ಸಂಸ್ಕೃತ ಮೊದಲಾದ ಭೇದಗಳನ್ನು ಪಡೆಯಿತು ಎಂಬುದು ಆತನ ವಾದ. ‘ಪ್ರಾಕ್ ಕೃತ’, ಅಂದರೆ ಮೊದಲೇ ಆದದ್ದು, ಎಂದೂ ಆತ ಪದವನ್ನು ಬಿಡಿಸಿ ತೋರಿಸುತ್ತಾನೆ.

ಇಂದಿನ ಭಾಷಾವಿಜ್ಞಾನ ಈ ಎರಡರಲ್ಲಿ ನಮಿಸಾಧುವಿನ ಮಾತಿಗೆ ಹೆಚ್ಚು ಹತ್ತಿರವಾಗಿದೆ. ವೇದಗಳ ಕಾಲದಲ್ಲಿಯೂ ಜನರ ನಡುವೆ ಹಲವು ಆಡುನುಡಿಗಳಿದ್ದವು. ಅವುಗಳಲ್ಲಿ ಒಂದು ಬಗೆ ವ್ಯಾಕರಣದ ಕಟ್ಟುಪಾಡಿಗೆ ಒಳಪಟ್ಟು ಸಂಸ್ಕೃತವೆನಿಸಿತು. ಉಳಿದವು ಜನರ ನಡುವೆ ಬೆಳೆಯುತ್ತ ಪ್ರಾಕೃತಗಳಾದವು. ಆದ್ದರಿಂದ ಸಂಸ್ಕೃತ ಮತ್ತು ಪ್ರಾಕೃತಗಳನ್ನು ತಾಯಿ–ಮಗಳು ಎನ್ನುವುದಕ್ಕಿಂತ ಒಂದೇ ಮನೆತನದ ಒಡಹುಟ್ಟುಗಳು ಎನ್ನುವುದು ಸರಿಯಾದೀತು.

ಪದಕ್ಕೆ ಅಂಟಿದ ಹೀನಾರ್ಥ

ನಿಘಂಟುಗಳಲ್ಲಿ ‘ಪ್ರಾಕೃತ’ಕ್ಕೆ ಸಹಜ, ಸ್ವಾಭಾವಿಕ ಎಂಬ ಅರ್ಥಗಳ ಜೊತೆಗೆ ಸಾಮಾನ್ಯ, ಸಂಸ್ಕಾರವಿಲ್ಲದ, ಕೀಳಾದ ಎಂಬ ಅರ್ಥಗಳೂ ಸಿಗುತ್ತವೆ. ಹಳೆಯ ಗ್ರಂಥಗಳಲ್ಲಿ ‘ಪ್ರಾಕೃತ ಜನ’ ಎಂದರೆ ಪಾಮರರು ಎಂದೇ ಅರ್ಥ. ಸಂಸ್ಕೃತ ನಾಟಕಗಳಲ್ಲಿ ರಾಜನೂ ಮಂತ್ರಿಯೂ ಸಂಸ್ಕೃತದಲ್ಲಿ ಮಾತಾಡಿದರೆ ಸ್ತ್ರೀಯರು, ವಿದೂಷಕ, ಸೇವಕರು ಪ್ರಾಕೃತದಲ್ಲಿ ಮಾತಾಡುತ್ತಾರೆ. ಈ ಪದ್ಧತಿಯಿಂದ ‘ಸಂಸ್ಕೃತ ಮೇಲು, ಪ್ರಾಕೃತ ಕೀಳು’ ಎಂಬ ಭಾವನೆ ಗಟ್ಟಿಯಾಯಿತು.

ಜೈನ ಪರಂಪರೆಯಲ್ಲಿ ಇದೇ ಪದದ ಬೆಲೆ ಬೇರೆ. ಸ್ತ್ರೀಯರು, ಮಕ್ಕಳು, ಓದು ಬಾರದವರು ಎಲ್ಲರಿಗೂ ತಿಳಿಯಬೇಕೆಂಬ ಕಾರಣಕ್ಕೇ ಸಿದ್ಧಾಂತವನ್ನು ಪ್ರಾಕೃತದಲ್ಲಿ ಹೇಳಲಾಯಿತು ಎಂದು ಪ್ರಾಚೀನ ಟೀಕಾಕಾರರು ಬರೆದಿದ್ದಾರೆ. ಬೇರೆಯವರು ಕೊರತೆ ಎಂದು ಎಣಿಸಿದ ಜನಸಾಮಾನ್ಯತೆಯೇ ಇಲ್ಲಿ ಆ ನುಡಿಯನ್ನು ಆರಿಸಿಕೊಳ್ಳಲು ಕಾರಣವಾಯಿತು. ಭಗವಾನ್ ಮಹಾವೀರರು ಅರ್ಧಮಾಗಧಿಯಲ್ಲಿ ಧರ್ಮೋಪದೇಶ ಮಾಡಿದರೆಂದು ಶ್ವೇತಾಂಬರ ಆಗಮಗಳು ಹೇಳುತ್ತವೆ. ತೀರ್ಥಂಕರರ ದಿವ್ಯಧ್ವನಿ 18 ಮಹಾಭಾಷೆ ಮತ್ತು 700 ಲಘುಭಾಷೆಗಳ ರೂಪದಲ್ಲಿ ಸಮವಸರಣದ ಎಲ್ಲ ಜೀವಿಗಳಿಗೂ ತಮ್ಮ ತಮ್ಮ ನುಡಿಯಲ್ಲಿಯೇ ತಿಳಿಯುತ್ತಿತ್ತೆಂದು ದಿಗಂಬರ ಗ್ರಂಥಗಳು ವರ್ಣಿಸುತ್ತವೆ. ಹೇಳುವ ರೀತಿ ಬೇರೆಯಾದರೂ ಎರಡರ ಆಶಯ ಒಂದೇ: ಧರ್ಮ ಕೇಳುವವನ ನುಡಿಗೆ ಇಳಿದುಬರಬೇಕು.

ಈ ವಿಷಯದಲ್ಲಿ ಶ್ವೇತಾಂಬರ ಪ್ರಬಂಧಗಳಲ್ಲಿ ಒಂದು ಪ್ರಸಿದ್ಧ ಕಥೆಯಿದೆ. ಮಹಾ ತಾರ್ಕಿಕರಾದ ಸಿದ್ಧಸೇನ ದಿವಾಕರರು ಆಗಮಗಳನ್ನು ಸಂಸ್ಕೃತಕ್ಕೆ ತಿರುಗಿಸುವ ಮನಸ್ಸು ಮಾಡಿದರಂತೆ. ಅದನ್ನು ಕೇಳಿದ ಸಂಘವು, ಎಲ್ಲರಿಗೂ ನಿಲುಕುವ ನುಡಿಯನ್ನು ಬಿಟ್ಟು ಪಂಡಿತರ ನುಡಿಗೆ ಸಿದ್ಧಾಂತವನ್ನು ಒಯ್ಯುವ ವಿಚಾರ ತಪ್ಪೆಂದು ಅವರಿಗೆ ಕಠಿಣ ಪ್ರಾಯಶ್ಚಿತ್ತ ವಿಧಿಸಿತಂತೆ. ಹಾಗೆಂದು ಜೈನರು ಸಂಸ್ಕೃತವನ್ನು ದೂರವಿಟ್ಟರೆಂದು ತಿಳಿಯಬಾರದು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ, ಸಮಂತಭದ್ರ, ಪೂಜ್ಯಪಾದ, ಅಕಲಂಕರ ಕೃತಿಗಳು ಸಂಸ್ಕೃತದಲ್ಲಿಯೇ ಇವೆ. ವಾದಕ್ಕೆ ಸಂಸ್ಕೃತ, ಮೂಲ ಸಿದ್ಧಾಂತಕ್ಕೆ ಪ್ರಾಕೃತ, ನಾಡಿನ ಜನರಿಗೆ ನಾಡನುಡಿ ಎಂಬ ಕ್ರಮ ಬಹುಕಾಲ ನಡೆಯಿತು.

ಒಂದು ಹೆಸರು, ಹಲವು ನುಡಿಗಳು

‘ಪ್ರಾಕೃತ’ ಎಂಬುದು ಒಂದು ಗುಂಪಿನ ಹೆಸರು. ಜೈನ ಸಾಹಿತ್ಯವನ್ನು ಓದುವಾಗ ಕಾಣಸಿಗುವ ಮುಖ್ಯ ಬಗೆಗಳು ಇವು:

ಅರ್ಧಮಾಗಧಿ: ಆಚಾರಾಂಗ, ಸೂತ್ರಕೃತಾಂಗ ಮೊದಲಾದ ಶ್ವೇತಾಂಬರ ಆಗಮಗಳ ನುಡಿ.

ಶೌರಸೇನಿ: ಮಥುರೆಯ ಸುತ್ತಲಿನ ಶೂರಸೇನ ಪ್ರದೇಶದ ಹೆಸರಿನಿಂದ ಬಂದದ್ದು. ಷಟ್ಖಂಡಾಗಮ, ಕಸಾಯಪಾಹುಡ, ಕುಂದಕುಂದಾಚಾರ್ಯರ ಸಮಯಸಾರ, ಪ್ರವಚನಸಾರ, ನಿಯಮಸಾರ, ಪಂಚಾಸ್ತಿಕಾಯ, ವಟ್ಟಕೇರರ ಮೂಲಾಚಾರ, ಶಿವಾರ್ಯರ ಭಗವತೀ ಆರಾಧನಾ ಈ ಬಗೆಗೆ ಸೇರುತ್ತವೆ. ನಾಟಕಗಳ ಶೌರಸೇನಿಗಿಂತ ಸ್ವಲ್ಪ ಭಿನ್ನವಾದ್ದರಿಂದ ವಿದ್ವಾಂಸರು ಇದನ್ನು ‘ಜೈನ ಶೌರಸೇನಿ’ ಎನ್ನುತ್ತಾರೆ.

ಮಹಾರಾಷ್ಟ್ರಿ: ಕಾವ್ಯಕ್ಕೆ ಹೆಚ್ಚು ಬಳಕೆಯಾದ ಪ್ರಾಕೃತ. ಹಾಲನ ಗಾಹಾಸತ್ತಸಈ ಇದರಲ್ಲಿದೆ. ಜೈನ ಕಥಾಸಾಹಿತ್ಯವೂ ಬಹಳಷ್ಟಿದೆ.

ಅಪಭ್ರಂಶ: ಪ್ರಾಕೃತಗಳ ನಂತರದ ಹಂತ. ಮಹಾಕವಿ ಪುಷ್ಪದಂತನು ಅಪಭ್ರಂಶದ ‘ಮಹಾಪುರಾಣ’ವನ್ನು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಕ್ರಿ.ಶ. 965ರಲ್ಲಿ ಮುಗಿಸಿದನು.

ಇವಲ್ಲದೆ ಮಾಗಧಿ, ಪೈಶಾಚಿ ಎಂಬ ಬಗೆಗಳೂ ಇವೆ. ಬೌದ್ಧರ ಪಾಲಿಯೂ ಇದೇ ಮನೆತನದ್ದಾದರೂ ಅದನ್ನು ಸಾಮಾನ್ಯವಾಗಿ ಪ್ರತ್ಯೇಕ ಹೆಸರಿನಿಂದಲೇ ಕರೆಯುತ್ತಾರೆ. ಆದ್ದರಿಂದ ‘ಸಮಯಸಾರ ಅರ್ಧಮಾಗಧಿಯಲ್ಲಿದೆ’ ಎನ್ನುವುದು ತಪ್ಪು; ‘ಸಮಯಸಾರ ಶೌರಸೇನಿ ಪ್ರಾಕೃತದಲ್ಲಿದೆ’ ಎನ್ನುವುದು ಸರಿ.

ಮಂತ್ರದಲ್ಲಿ ಪ್ರಾಕೃತ

ಪ್ರಾಕೃತದ ಲಕ್ಷಣಗಳನ್ನು ತಿಳಿಯಲು ದೊಡ್ಡ ಗ್ರಂಥ ಬೇಕಿಲ್ಲ. ಮಕ್ಕಳ ಬಾಯಲ್ಲೂ ಇರುವ ಪಂಚ ನಮಸ್ಕಾರ ಮಂತ್ರವೇ ಸಾಕು. ಈ ಮಂತ್ರ ಷಟ್ಖಂಡಾಗಮದ ಆರಂಭದಲ್ಲಿ ಮಂಗಲವಾಗಿ ಬಂದಿದೆ.

ಪ್ರಾಕೃತದಲ್ಲಿ ಋ, ಐ, ಔ ಸ್ವರಗಳು ಇಲ್ಲ. ಶ, ಷ, ಸ ಮೂರಕ್ಕೂ ಸಾಮಾನ್ಯವಾಗಿ ಸಕಾರ ಒಂದೇ. ಬೇರೆ ಬೇರೆ ವ್ಯಂಜನಗಳ ಒತ್ತಕ್ಷರಗಳು ಹೆಚ್ಚಾಗಿ ಸಜಾತೀಯ ಒತ್ತುಗಳಾಗುತ್ತವೆ. ಸಂಸ್ಕೃತದ ‘ಸರ್ವ’ ಇಲ್ಲಿ ‘ಸವ್ವ’. ಎರಡು ಸ್ವರಗಳ ನಡುವಿನ ವ್ಯಂಜನ ಸಡಿಲವಾಗುತ್ತದೆ ಅಥವಾ ಬಿದ್ದುಹೋಗುತ್ತದೆ. ‘ಲೋಕೇ’ ಎಂಬುದು ‘ಲೋಏ’ ಆಗುವುದು, ‘ಸಾಧು’ ಎಂಬುದು ‘ಸಾಹು’ ಆಗುವುದು ಹೀಗೆ. ‘ಆಚಾರ್ಯ’ದಿಂದ ‘ಆಯರಿಯ’, ‘ಉಪಾಧ್ಯಾಯ’ದಿಂದ ‘ಉವಜ್ಝಾಯ’ ಬಂದಿವೆ. ದ್ವಿವಚನ ಇಲ್ಲ. ಚತುರ್ಥಿ ವಿಭಕ್ತಿಯ ಕೆಲಸವನ್ನು ಬಹುಮಟ್ಟಿಗೆ ಷಷ್ಠಿಯೇ ಮಾಡುತ್ತದೆ. ಆದ್ದರಿಂದ ‘ಅರಿಹಂತಾಣಂ’ ರೂಪದಲ್ಲಿ ‘ಅರಿಹಂತರ’ ಎಂದಿದ್ದರೂ ಅರ್ಥ ‘ಅರಿಹಂತರಿಗೆ’ ಎಂದೇ.

ಶ್ರಾವಕರು ಆಗಾಗ ಕೇಳುವ ಎರಡು ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರವಿದೆ.

ಮೊದಲನೆಯದು, ‘ಣಮೋ’ ಸರಿಯೇ, ‘ನಮೋ’ ಸರಿಯೇ? ಶೌರಸೇನಿ, ಮಹಾರಾಷ್ಟ್ರಿಗಳಲ್ಲಿ ಪದದ ಮೊದಲಿನ ನಕಾರವೂ ಣಕಾರವಾಗುವುದು ರೂಢಿ. ದಿಗಂಬರ ಪಾಠದಲ್ಲಿ ‘ಣಮೋ’ ಇರುವುದು ಇದರಿಂದ. ಪದದ ಆರಂಭದಲ್ಲಿ ನಕಾರ ಉಳಿಯುವುದನ್ನೂ ಹೇಮಚಂದ್ರರ ವ್ಯಾಕರಣ ಒಪ್ಪುತ್ತದೆ. ಶ್ವೇತಾಂಬರ ಪಾಠದಲ್ಲಿ ‘ನಮೋ’ ಹೆಚ್ಚು ರೂಢಿಯಲ್ಲಿದೆ. ಎರಡೂ ಪ್ರಾಕೃತವೇ. ಒಂದನ್ನು ಅಶುದ್ಧವೆಂದು ತಿದ್ದುವ ಅಗತ್ಯವಿಲ್ಲ. ತಮ್ಮ ಪರಂಪರೆಯ ಪಾಠವನ್ನು ಸ್ಪಷ್ಟವಾಗಿ ಹೇಳಿದರೆ ಸಾಕು.

ಎರಡನೆಯದು, ‘ಅರಿಹಂತ’ ಸರಿಯೇ, ‘ಅರಹಂತ’ ಸರಿಯೇ? ಸಂಸ್ಕೃತದ ‘ಅರ್ಹತ್’ ಪದಕ್ಕೆ ಪ್ರಾಕೃತದಲ್ಲಿ ಅರಹ, ಅರಿಹ, ಅರುಹ ಎಂಬ ಮೂರು ರೂಪಗಳನ್ನು ವ್ಯಾಕರಣ ಒಪ್ಪುತ್ತದೆ. ‘ರ್ಹ’ ಎಂಬ ಒತ್ತಕ್ಷರವನ್ನು ಬಿಡಿಸಿ ಹೇಳುವಾಗ ನಡುವೆ ಅ, ಇ, ಉ ಸ್ವರಗಳಲ್ಲಿ ಒಂದು ಸೇರುತ್ತದೆ. ಟೀಕಾಕಾರರು ಒಂದೊಂದು ರೂಪಕ್ಕೂ ಒಂದೊಂದು ಭಾವ ಹೇಳಿದ್ದಾರೆ: ಪೂಜೆಗೆ ಅರ್ಹರಾದವರು ಅರಹಂತರು, ಕರ್ಮವೆಂಬ ಅರಿಯನ್ನು ಗೆದ್ದವರು ಅರಿಹಂತರು, ಕರ್ಮಬೀಜ ಸುಟ್ಟುಹೋಗಿ ಮತ್ತೆ ಹುಟ್ಟಿನ ಮೊಳಕೆ ಇಲ್ಲದವರು ಅರುಹಂತರು.

ಕ್ಷಮಾವಾಣಿಯ ದಿನ ಹೇಳುವ ‘ಮಿಚ್ಛಾಮಿ ದುಕ್ಕಡಂ’ ಕೂಡ ಪ್ರಾಕೃತವೇ. ‘ದುಷ್ಕೃತ’ ಪದವೇ ಇಲ್ಲಿ ‘ದುಕ್ಕಡ’. ಮಾಡಿದ ಕೆಟ್ಟದ್ದು ಮಿಥ್ಯೆಯಾಗಲಿ, ಇಲ್ಲವಾಗಲಿ ಎಂಬುದು ಇದರ ಭಾವ. ‘ಕ್ಷಮಿಸಿ’ ಎಂಬ ಅರ್ಥದಲ್ಲಿ ನಾವು ಬಳಸುವ ಈ ಮಾತು ಮೂಲದಲ್ಲಿ ಪ್ರತಿಕ್ರಮಣದ ಮಾತು. ಎದುರಿನವರಿಂದ ಕ್ಷಮೆ ಪಡೆಯುವುದಕ್ಕೂ ಮೊದಲು ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವುದು ಅದರಲ್ಲಿದೆ.

ಕನ್ನಡ ನಾಡಿನಲ್ಲಿ ಪ್ರಾಕೃತ

ಕರ್ನಾಟಕದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಶಾಸನಗಳು ಪ್ರಾಕೃತದಲ್ಲಿವೆ. ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳು ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೊಪ್ಪಳ, ನಿಟ್ಟೂರು, ಉಡೆಗೋಳ, ಸನ್ನತಿಗಳಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತದಲ್ಲಿ ದೊರೆತಿವೆ. ಕದಂಬ ಮಯೂರಶರ್ಮನ ಚಂದ್ರವಳ್ಳಿ ಶಾಸನವೂ ಪ್ರಾಕೃತದ್ದೇ.

ಸಾಹಿತ್ಯದಲ್ಲಿ ಈ ನಂಟು ಇನ್ನೂ ಆಳವಾದದ್ದು. ಕವಿರಾಜಮಾರ್ಗದಲ್ಲಿ ಸಂಸ್ಕೃತಕ್ಕೆ ‘ಸಕ್ಕದ’, ಪ್ರಾಕೃತಕ್ಕೆ ‘ಪಾಗದ’ ಎಂಬ ಪದಗಳು ಬಂದಿವೆ. ಹಳಗನ್ನಡ ಓದುವವರು ‘ಪಾಗದ’ ಎಂಬುದನ್ನು ಕಂಡಾಗ ಅದು ಪ್ರಾಕೃತದ ಹೆಸರೆಂದು ಗುರುತಿಸಬೇಕು. ವಡ್ಡಾರಾಧನೆಯ 19 ಕಥೆಗಳಲ್ಲಿ ಪ್ರತಿಯೊಂದೂ ಒಂದು ಪ್ರಾಕೃತ ಗಾಹೆಯಿಂದ ಆರಂಭವಾಗಿ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತದೆ. ಕನ್ನಡದ ಹಳೆಯ ಗದ್ಯಕೃತಿ ಪ್ರಾಕೃತದ ಕೈಹಿಡಿದೇ ನಡೆದಿದೆ.

ಷಟ್ಖಂಡಾಗಮದ ಉಳಿವು ಕನ್ನಡ ನಾಡಿನ ದೊಡ್ಡ ಕೊಡುಗೆ. ಧರಸೇನಾಚಾರ್ಯರಿಂದ ಗಿರಿನಗರದಲ್ಲಿ ಕಲಿತ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ಇದನ್ನು ರಚಿಸಿದರು. ಗ್ರಂಥ ಪೂರ್ಣವಾದ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಇಂದಿಗೂ ಶ್ರುತಪಂಚಮಿಯಾಗಿ ಆಚರಿಸುತ್ತೇವೆ. 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಇದಕ್ಕೆ ಬರೆದ ‘ಧವಲಾ’ ಟೀಕೆಯ ಗಾತ್ರ 72,000 ಶ್ಲೋಕಗಳಷ್ಟು. ಕಸಾಯಪಾಹುಡದ ಟೀಕೆ ‘ಜಯಧವಲಾ’ವನ್ನು ಅವರ ಶಿಷ್ಯ ಜಿನಸೇನರು ಕ್ರಿ.ಶ. 837ರಲ್ಲಿ ಮುಗಿಸಿದರು. ಈ ಟೀಕೆಗಳಲ್ಲಿ ಪ್ರಾಕೃತ ಮತ್ತು ಸಂಸ್ಕೃತ ಎರಡೂ ಬೆರೆತಿವೆ. ಮಣಿ ಮತ್ತು ಹವಳವನ್ನು ಒಂದೇ ಸರದಲ್ಲಿ ಪೋಣಿಸಿದ ಹಾಗೆ ಎಂಬ ಹೋಲಿಕೆ ಆ ಶೈಲಿಗಿದೆ. ಇವುಗಳ ಪ್ರಾಚೀನ ತಾಳೆಯೋಲೆ ಪ್ರತಿಗಳು ಉಳಿದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಬಹುಕಾಲ ದರ್ಶನಕ್ಕೆ ಮಾತ್ರ ಸಿಗುತ್ತಿದ್ದ ಓಲೆಗಳ ಪ್ರತಿಗಳನ್ನು ಮುಂದೆ ಮಾಡಿಸಲಾಯಿತು. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಧವಲಾ ಸಹಿತ ಷಟ್ಖಂಡಾಗಮ 16 ಸಂಪುಟಗಳಲ್ಲಿ ಅಚ್ಚಾಯಿತು.

ಗೊಮ್ಮಟಸಾರದ ಚರಿತ್ರೆಯೂ ಗಮನಿಸತಕ್ಕದ್ದು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು 10ನೆಯ ಶತಮಾನದಲ್ಲಿ ಚಾವುಂಡರಾಯನಿಗಾಗಿ ಇದನ್ನು ಪ್ರಾಕೃತ ಗಾಹೆಗಳಲ್ಲಿ ರಚಿಸಿದರು. ಚಾವುಂಡರಾಯನ ಇನ್ನೊಂದು ಹೆಸರು ಗೊಮ್ಮಟ. ಕೃತಿಗೂ ಅದೇ ಹೆಸರು. ಕ್ರಿ.ಶ. 1359ರಲ್ಲಿ ಕೇಶವವರ್ಣಿಯು ಇದಕ್ಕೆ ಕನ್ನಡದಲ್ಲಿ ವೃತ್ತಿ ಬರೆದನು. ಆ ಕನ್ನಡ ವೃತ್ತಿಯನ್ನು ಅನುಸರಿಸಿ ಸಂಸ್ಕೃತ ಟೀಕೆ ಹುಟ್ಟಿತು. ಸಂಸ್ಕೃತ ಟೀಕೆಯ ಆಧಾರದಿಂದ 18ನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ಪ್ರದೇಶದ ಢೂಂಢಾರಿ ನುಡಿಯಲ್ಲಿ ಟೀಕೆ ಬರೆದರು. ಪ್ರಾಕೃತದ ಸಿದ್ಧಾಂತ ಉತ್ತರ ಭಾರತದ ಸ್ವಾಧ್ಯಾಯ ಮಂದಿರಗಳಿಗೆ ಕನ್ನಡದ ಮೂಲಕ ಹೋಯಿತು ಎಂಬುದು ಕನ್ನಡಿಗರಿಗೇ ಹೆಚ್ಚು ತಿಳಿಯದ ಸಂಗತಿ. ಇದನ್ನು ಎತ್ತಿ ತೋರಿಸಿದವರು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಡಾ. ಆ.ನೇ. ಉಪಾಧ್ಯೆ (1906–1975). ಪ್ರವಚನಸಾರ, ಪರಮಾತ್ಮಪ್ರಕಾಶ, ಕುವಲಯಮಾಲಾ ಮೊದಲಾದ ಗ್ರಂಥಗಳನ್ನು ಸಂಪಾದಿಸಿದ ಅವರು 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆಗಿದ್ದರು.

ಮನೆಮಾತಿನಲ್ಲಿರುವ ಪ್ರಾಕೃತ

ಕನ್ನಡ ದ್ರಾವಿಡ ಭಾಷೆ. ಅದು ಪ್ರಾಕೃತದಿಂದ ಹುಟ್ಟಿದ್ದಲ್ಲ. ಆದರೆ ನಾವು ತದ್ಭವಗಳೆಂದು ಶಾಲೆಯಲ್ಲಿ ಕಲಿಯುವ ಪದಗಳಲ್ಲಿ ಅನೇಕವು ಸಂಸ್ಕೃತದಿಂದ ನೇರವಾಗಿ ಬಾರದೆ ಪ್ರಾಕೃತದ ಮೂಲಕ ಬಂದವು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಡುಗಳಿಗಾಗಿಯೇ ಅಪಭ್ರಂಶ ಪ್ರಕರಣವನ್ನು ಇಟ್ಟಿದ್ದಾನೆ. ಕೆಲವು ಉದಾಹರಣೆಗಳು (ಸಂಸ್ಕೃತ, ಪ್ರಾಕೃತ, ಕನ್ನಡ ಎಂಬ ಕ್ರಮದಲ್ಲಿ):

ವಸತಿ – ವಸದಿ – ಬಸದಿ
ಶ್ರಮಣ – ಸಮಣ – ಸವಣ
ಯಕ್ಷ – ಜಕ್ಖ – ಜಕ್ಕ
ಅಕ್ಷರ – ಅಕ್ಖರ – ಅಕ್ಕರ
ಪುಸ್ತಕ – ಪೊತ್ಥಗ – ಪೊತ್ತಗೆ, ಹೊತ್ತಗೆ
ವಿದ್ಯಾ – ವಿಜ್ಜಾ – ಬಿಜ್ಜೆ
ಉಪಾಧ್ಯಾಯ – ಉವಜ್ಝಾಯ – ಓಜ
ಕಾರ್ಯ – ಕಜ್ಜ – ಕಜ್ಜ
ಸಂಧ್ಯಾ – ಸಂಝಾ – ಸಂಜೆ
ಸ್ತಂಭ – ಖಂಭ – ಕಂಬ
ರಾಜ – ರಾಯ – ರಾಯ

‘ಬಸದಿ’ ಪದದಲ್ಲಿ ತಕಾರ ದಕಾರವಾಗಿರುವುದು ಶೌರಸೇನಿಯ ಗುರುತು. ವಕಾರ ಬಕಾರವಾಗಿರುವುದು ಕನ್ನಡದ ಗುರುತು. ಶಾಸನಗಳಲ್ಲಿ ಬರುವ ‘ಜಕ್ಕಿಯಬ್ಬೆ’ ಎಂಬ ಹೆಸರಿನಲ್ಲಿರುವುದು ಪ್ರಾಕೃತದ ಯಕ್ಷಿಯೇ. ದಾಸೋಜನಂಥ ಶಿಲ್ಪಿಗಳ ಹೆಸರಿನ ಕೊನೆಯಲ್ಲಿರುವ ‘ಓಜ’ ಮಂತ್ರದ ‘ಉವಜ್ಝಾಯ’ದ ಬಂಧು. ಶ್ರಾವಕನು ಸಂಜೆ ಬಸದಿಗೆ ಹೋದನು ಎಂಬ ಸಾಮಾನ್ಯ ವಾಕ್ಯದಲ್ಲಿಯೇ ಪ್ರಾಕೃತದ ದಾರಿಯಾಗಿ ಬಂದ ಎರಡು ಪದಗಳಿವೆ.

ಬಳಕೆಯಲ್ಲಿ ಗಮನಿಸಬೇಕಾದವು

• ‘ಪ್ರಾಕೃತ’ ಮತ್ತು ‘ಪ್ರಾಕೃತಿಕ’ ಪದಗಳನ್ನು ಬೆರೆಸಬಾರದು. ನಿಸರ್ಗಕ್ಕೆ ಸಂಬಂಧಿಸಿದ್ದಕ್ಕೆ ಇಂದು ‘ಪ್ರಾಕೃತಿಕ’ ರೂಢಿ (ಪ್ರಾಕೃತಿಕ ವಿಕೋಪ). ಭಾಷೆಗೆ ‘ಪ್ರಾಕೃತ’ ಮಾತ್ರ.

• ಒಟ್ಟು ಗುಂಪನ್ನು ಹೇಳುವಾಗ ‘ಪ್ರಾಕೃತ ಭಾಷೆಗಳು’, ಒಂದು ಬಗೆಯನ್ನು ಹೇಳುವಾಗ ‘ಶೌರಸೇನಿ ಪ್ರಾಕೃತ’, ‘ಅರ್ಧಮಾಗಧಿ ಪ್ರಾಕೃತ’ ಎನ್ನುವುದು ಸ್ಪಷ್ಟ.

• ಪ್ರಾಕೃತ ಭಾಷೆಯ ಹೆಸರು, ಲಿಪಿಯದಲ್ಲ. ಅದನ್ನು ಬ್ರಾಹ್ಮಿ, ಕನ್ನಡ, ನಾಗರಿ ಮೊದಲಾದ ಲಿಪಿಗಳಲ್ಲಿ ಬರೆದಿದ್ದಾರೆ. ಕನ್ನಡ ಲಿಪಿಯಲ್ಲಿ ಅಚ್ಚಾದ ಸಮಯಸಾರವೂ ಮೂಲ ಪ್ರಾಕೃತವೇ.

• ಗ್ರಂಥಗಳ ಹೆಸರಿನಲ್ಲಿ ಬರುವ ‘ಪಾಹುಡ’ ಎಂದರೆ ‘ಪ್ರಾಭೃತ’, ಕಾಣಿಕೆ. ಪ್ರಾಕೃತ ಪದ್ಯಕ್ಕೆ ‘ಗಾಹೆ’ ಅಥವಾ ‘ಗಾಥೆ’ ಎಂಬ ಹೆಸರು. ಅದನ್ನು ‘ಶ್ಲೋಕ’ ಎನ್ನುವುದು ವಾಡಿಕೆಯಾದರೂ ನಿಖರವಲ್ಲ.

ಇಂದಿನ ಸ್ಥಿತಿ

ಕೇಂದ್ರ ಸಚಿವ ಸಂಪುಟವು 2024ರ ಅಕ್ಟೋಬರ್ 3ರಂದು ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ನೀಡಲು ಒಪ್ಪಿತು. ಪಾಲಿ, ಮರಾಠಿ, ಬಂಗಾಳಿ, ಅಸ್ಸಾಮಿ ಭಾಷೆಗಳಿಗೂ ಅದೇ ದಿನ ಈ ಮನ್ನಣೆ ದೊರೆಯಿತು. ಕನ್ನಡಕ್ಕೆ ಇದು 2008ರಲ್ಲಿ ಸಿಕ್ಕಿತ್ತು. ಶ್ರವಣಬೆಳಗೊಳದ ರಾಷ್ಟ್ರೀಯ ಪ್ರಾಕೃತ ಅಧ್ಯಯನ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪ್ರಾಕೃತದ ಅಧ್ಯಯನ, ಪ್ರಕಟಣೆಗಳು ನಡೆಯುತ್ತಿವೆ.

ಮನ್ನಣೆಯಿಂದ ಗೌರವ ಹೆಚ್ಚುತ್ತದೆ. ಓದುವವರು ಹೆಚ್ಚಬೇಕಾದರೆ ಮನೆ ಮತ್ತು ಪಾಠಶಾಲೆಗಳಲ್ಲಿಯೇ ಕೆಲಸ ಆಗಬೇಕು. ತಾಳೆಯೋಲೆಗಳ ಲಿಪಿ ಕನ್ನಡದ ಹಳೆಯ ರೂಪ, ಭಾಷೆ ಪ್ರಾಕೃತ. ಈ ಎರಡನ್ನೂ ಬಲ್ಲವರು ಕಡಿಮೆಯಾದಷ್ಟೂ ಮುನಿಗಳೂ ಲಿಪಿಕಾರರೂ ಸಾವಿರ ವರ್ಷ ಕಾಪಾಡಿಕೊಂಡು ಬಂದ ಗ್ರಂಥಗಳು ಆರತಿ ಬೆಳಗುವ ವಸ್ತುಗಳಾಗಿ ಮಾತ್ರ ಉಳಿಯುತ್ತವೆ. ಎಲ್ಲರಿಗೂ ತಿಳಿಯಲೆಂದು ಆರಿಸಿಕೊಂಡ ನುಡಿಯೇ ಯಾರಿಗೂ ತಿಳಿಯದಂತಾದರೆ ಆಯ್ಕೆಯ ಉದ್ದೇಶವೇ ಹೋದಂತೆ.

ಕನ್ನಡಿಗರಿಗೆ ಈ ಕಲಿಕೆ ಕಷ್ಟದ್ದಲ್ಲ. ತದ್ಭವಗಳಿಂದಾಗಿ ನೂರಾರು ಪದಗಳು ಈಗಾಗಲೇ ಪರಿಚಿತ. ದಿನವೂ ಹೇಳುವ ಮಂತ್ರದ ಒಂದೊಂದು ಪದವನ್ನು ಬಿಡಿಸಿ ಮಕ್ಕಳಿಗೆ ಅರ್ಥ ಹೇಳುವುದು ಮೊದಲ ಪಾಠವಾಗಬಹುದು. ಶ್ರುತಪಂಚಮಿಯಂದು ಶಾಸ್ತ್ರಪೂಜೆಯ ಜೊತೆಗೆ ಒಂದು ಗಾಹೆಯನ್ನು ಅರ್ಥಸಹಿತ ಓದುವುದು ಎರಡನೆಯದು. ಕನ್ನಡ ಅನುವಾದವಿರುವ ಸಮಯಸಾರ ಅಥವಾ ಗೊಮ್ಮಟಸಾರವನ್ನು ಮೂಲ ಗಾಹೆಯ ಪಕ್ಕದಲ್ಲಿಟ್ಟು ಸ್ವಾಧ್ಯಾಯ ಮಾಡುವುದು ಅದರ ಮುಂದಿನ ಹೆಜ್ಜೆ.